ಆಪ್ಷನ್ ಎಂಟ್ರಿ: ಮೊದಲು ಆಸೆ, ಆಮೇಲೆ ಅಂದಾಜು

ಸಿಇಟಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು-ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ತುಂಬುವ ಕೆಲಸ ಶುರುವಾದರೆ ದಾವಣಗೆರೆಯ ಸೈಬರ್ ಸೆಂಟರ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಪ್ಪ ಒಂದು ಕಾಲೇಜು ಹೇಳುತ್ತಾರೆ, ಸೋದರಮಾವ ಇನ್ನೊಂದು, ಟೈಪ್ ಮಾಡುವ ಹುಡುಗ ತನಗೆ ತೋಚಿದ್ದು ಸೇರಿಸುತ್ತಾನೆ. ಪರೀಕ್ಷೆ ಬರೆದವಳು ಹಿಂದೆ ನಿಂತಿರುತ್ತಾಳೆ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ಬಂದ ಎಂಜಿನಿಯರಿಂಗ್ ರ‍್ಯಾಂಕ್ ಹಾಳಾಗುವುದು ಇಲ್ಲೇ.

ಮೊದಲು ಮನೆಯಲ್ಲಿ ಕೂತು ಹಾಳೆಯ ಮೇಲೆ ಪಟ್ಟಿ ಬರೆಯಿರಿ, ಪೆನ್ಸಿಲ್‌ನಲ್ಲಿ. ಕಾಲೇಜು ಹೇಳುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಹಿಂದಿನ ವರ್ಷಗಳ ಕಟಾಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ಜಾಲತಾಣದಲ್ಲೇ ಪುಕ್ಕಟೆ ಇದೆ. ನೋಡುವಾಗ ನಿಮ್ಮ ಕಾಲಂ ಹಿಡಿಯಿರಿ. 3ಬಿ ಮೀಸಲಾತಿ ಪ್ರವರ್ಗವೆಂದರೆ 3ಬಿಜಿ, 3ಬಿಆರ್, 3ಬಿಕೆ ಎಂದು ಮೂರು. ಪ್ರವರ್ಗದ ಎಲ್ಲರಿಗೂ ಜಿ, 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದ್ದಕ್ಕೆ ಆರ್, ಕನ್ನಡ ಮಾಧ್ಯಮಕ್ಕೆ ಕೆ; ಅರ್ಜಿಯಲ್ಲಿ ಕೇಳಿಕೊಂಡಿರಬೇಕು. ಜಗಳೂರು, ಚನ್ನಗಿರಿ ಕಡೆಯ ಎಷ್ಟೋ ಮಕ್ಕಳು ಜಿಎಂ (ಸಾಮಾನ್ಯ ವರ್ಗ) ಕಾಲಂ ಒಂದನ್ನೇ ನೋಡಿ ಕೈಚೆಲ್ಲುತ್ತಾರೆ.

ಈಗ ಎಲ್ಲರೂ ಎಡವುವ ಜಾಗ: ಕ್ರಮ. ‘ನಮ್ಮ ರ‍್ಯಾಂಕಿಗೆ ಸಿಗುವುದನ್ನೇ ಮೊದಲು ಹಾಕೋಣ’ ಎನ್ನುತ್ತಾರೆ. ಬೇಡ. ನಿಮ್ಮ ಸರದಿ ಬಂದಾಗ ಕಂಪ್ಯೂಟರ್ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ಖಾಲಿ ಇರುವ ಮೊದಲ ಸೀಟು ಕೊಟ್ಟು ನಿಲ್ಲುತ್ತದೆ. ಸಿಗದ ಸೀಟನ್ನು ಮೇಲೆ ಕೇಳಿದ್ದಕ್ಕೆ ದಂಡವಿಲ್ಲ, ಕೆಳಗಿನದು ಕೈತಪ್ಪುವುದೂ ಇಲ್ಲ. ಸುಲಭದ್ದನ್ನು ಮೇಲಿಟ್ಟರೆ ಮಾತ್ರ ಅದೇ ಗಂಟುಬೀಳುತ್ತದೆ, ಅದರ ಕೆಳಗಿನದನ್ನು ಯಾರೂ ಓದುವುದಿಲ್ಲ. ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಆಸೆಯೇ? ಅದು 1. ಅದೇ ಊರಿನ ಬಿಐಇಟಿಯ ಎಲೆಕ್ಟ್ರಾನಿಕ್ಸ್ 2, ಚಿತ್ರದುರ್ಗದ ಎಸ್‌ಜೆಎಂಐಟಿ 3. ಇಷ್ಟ ಬೇರೆಯಿದ್ದರೆ ಹೆಸರು ಬದಲಿಸಿ, ಸೂತ್ರ ಅದೇ. ಬೆಂಗಳೂರಿನ ಹೊರವಲಯದ, ಹೆಸರೇ ಕೇಳದ ಕಾಲೇಜನ್ನು ಊರಿನವುಗಳ ಮೇಲೆ ಕೂರಿಸಬೇಡಿ. ಪಿಜಿ ಬಾಡಿಗೆ ಕಟ್ಟುವವರು ಸೋದರಮಾವ ಅಲ್ಲ.

ಪಟ್ಟಿ ಉದ್ದವಿರಲಿ. ಹತ್ತಕ್ಕೇ ನಿಲ್ಲಿಸಿ ಬರಿಗೈಲಿ ಕೂತವರಿದ್ದಾರೆ. ಮುಂದಿನ ಸುತ್ತುಗಳಲ್ಲಿ ಹೊಸ ಆಪ್ಷನ್ ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಂತ ಸಿಕ್ಕರೂ ಸೇರದ ಕಾಲೇಜನ್ನು ತುಂಬಬೇಡಿ. ಪ್ರತಿ ಸಾಲಿನ ಶುಲ್ಕವನ್ನೂ ಓದಿ. ಯುಬಿಡಿಟಿ 1951ರ ಕಾಲೇಜು, ಸರ್ಕಾರಿ ಎಂದೇ ಜನರ ಲೆಕ್ಕ. ಅಲ್ಲಿನ ಪೇಮೆಂಟ್ (ಹೆಚ್ಚು ಶುಲ್ಕದ) ಸೀಟುಗಳ ವಿರುದ್ಧವೇ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು.

ಟೈಪ್ ಮಾಡುವುದು ಅರ್ಧ ಗಂಟೆಯ ಕೆಲಸ. ಪ್ರಿಂಟ್ ತೆಗೆದುಕೊಂಡು ಲಾಗ್‌ಔಟ್ ಆಗಿ. ಪಾಸ್‌ವರ್ಡ್ ಸೈಬರಿನವರ ಡೈರಿಯಲ್ಲಿ ಉಳಿಯದಿರಲಿ. ಅಣಕು ಹಂಚಿಕೆ (ಯಾವ ಸೀಟು ಸಿಗಬಹುದೆಂದು ತೋರಿಸುವ ಪ್ರಯೋಗ) ಬಂದ ಮೇಲೆ ಒಮ್ಮೆ ತಿದ್ದಿ.

ನಿಜವಾದ ಸೀಟು ಬಂದಾಗ ನಾಲ್ಕು ಚಾಯ್ಸ್. 1 ಎಂದರೆ ಒಪ್ಪಿ ಸೇರುವುದು, 4 ಎಂದರೆ ಪೂರ್ತಿ ಹೊರಬರುವುದು. 3ರಲ್ಲಿ ಕೈಗೆ ಬಂದದ್ದನ್ನು ಬಿಟ್ಟು ಕಾಯಬೇಕು. ಇದನ್ನು ಆರಿಸಿ ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ. ಮೋಸ ಇರುವುದು 2ರಲ್ಲಿ. ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗಬಹುದು, ಆದರೆ ಮೇಲಿನ ಆಪ್ಷನ್ ಸಿಕ್ಕ ಕ್ಷಣ ಹಳೆಯ ಸೀಟು ತಾನಾಗಿ ರದ್ದು. ‘ಮೊದಲಿನದೇ ಇರಲಿ ಸಾರ್’ ಎಂದರೆ ನಡೆಯುವುದಿಲ್ಲ. ಆಪ್ಷನ್ ತಿದ್ದಲು ಬಿಟ್ಟಾಗ, ಸಿಕ್ಕ ಸೀಟಿಗಿಂತ ಮೇಲಿದ್ದು ಈಗ ಬೇಡವಾದವನ್ನೆಲ್ಲ ಅಳಿಸಿಬಿಡಿ.