ಬುದ್ಧಿ, ಮಾತಿನ ಬೆಳವಣಿಗೆ ನಿಧಾನವಾದ ಮಕ್ಕಳ ದವಡೆ ಗೆಡ್ಡೆ: ನಾನು ನಿಭಾಯಿಸುವ ರೀತಿ

ಕ್ಯಾನ್ಸರ್ ಅಲ್ಲದ ದವಡೆ ಗೆಡ್ಡೆಗಳು ಸಾಮಾನ್ಯವಾಗಿ ನೋಯುವುದಿಲ್ಲ. ಸದ್ದಿಲ್ಲದೆ ಬೆಳೆಯುತ್ತವೆ. ಮಾತು ಬರುವ ಮಗುವಾದರೆ ಹಲ್ಲು ಅಲ್ಲಾಡ್ತಿದೆ ಅಂತಾದರೂ ಹೇಳುತ್ತದೆ. ನನ್ನ ಹತ್ತಿರ ಬರುವ ಎಷ್ಟೋ ಮಕ್ಕಳಿಗೆ ಅದೂ ಆಗುವುದಿಲ್ಲ. ಒಂದೇ ಕಡೆ ಅಗಿಯುತ್ತಾರೆ, ಕೆನ್ನೆಗೆ ಹೊಡೆದುಕೊಳ್ಳುತ್ತಾರೆ, ಬ್ರಷ್ ಹತ್ತಿರ ಬಂದರೆ ತಳ್ಳುತ್ತಾರೆ. ಅವನ ಸ್ವಭಾವವೇ ಹಾಗೆ ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಅದಕ್ಕೇ ನಾನು ಊತ ಯಾವಾಗ ಶುರುವಾಯಿತು ಅನ್ನುವುದಕ್ಕಿಂತ ಮೊದಲು, ಇತ್ತೀಚೆಗೆ ಮಗುವಿನ ನಡವಳಿಕೆಯಲ್ಲಿ ಏನು ಬದಲಾಗಿದೆ ಅಂತ ಕೇಳುತ್ತೇನೆ.

ದವಡೆಯ ದೊಡ್ಡ ಎಕ್ಸ್‌ರೇಗೆ ಸುಮಾರು 15 ಸೆಕೆಂಡ್ ಅಲುಗಾಡದೆ ನಿಲ್ಲಬೇಕು. ಬಹಳ ಮಕ್ಕಳಿಗೆ ಸಾಧ್ಯವಿಲ್ಲ. ಹೇಗೂ ಅನಸ್ತೇಶಿಯಾ ಬೇಕಾದರೆ ಸಿಟಿ ಸ್ಕ್ಯಾನ್, ಬಯಾಪ್ಸಿ (ಗೆಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ), ರಕ್ತ ಪರೀಕ್ಷೆ, ಹುಳುಕು ಹಲ್ಲಿನ ಕೆಲಸ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಲು ನೋಡುತ್ತೇನೆ. ಫಿಟ್ಸ್ ಮಾತ್ರೆಯನ್ನು ಆ ದಿನ ಬೆಳಿಗ್ಗೆಯೂ ಬಿಡಿಸುವುದಿಲ್ಲ. ಡೌನ್ ಸಿಂಡ್ರೋಮ್ ಇದ್ದರೆ ಕತ್ತಿನ ಕೀಲು ಸಡಿಲವಿರಬಹುದು, ಕತ್ತು ಹೊರಳಿಸುವಾಗ ಜೋಪಾನ.

ಬಯಾಪ್ಸಿಯಲ್ಲಿ ಓಡಾಂಟೋಮಾ, ಅಂದರೆ ಹಲ್ಲಿನ ಅಂಶಗಳೇ ಗಂಟಾಗಿ ಬೆಳೆದ ಗೆಡ್ಡೆ, ಅಂತ ಬಂದರೆ ಚಿಂತೆ ಕಡಿಮೆ. ತೆಗೆದರೆ ಮತ್ತೆ ಬರುವುದು ಅಪರೂಪ. ನಿಜವಾದ ಚಿಂತೆ ಯೂನಿಸಿಸ್ಟಿಕ್ ಅಮೆಲೋಬ್ಲಾಸ್ಟೋಮಾ ಮತ್ತು ಕೆರಟೋಸಿಸ್ಟ್‌ನದು. ಎರಡೂ ದವಡೆ ಮೂಳೆಯೊಳಗೆ ಗುಳ್ಳೆಯಂತೆ ಬೆಳೆಯುತ್ತವೆ, ತೆಗೆದರೂ ಮತ್ತೆ ಬರಬಹುದು. ಮಕ್ಕಳಲ್ಲಿ ಇವಕ್ಕೆ ಒಂದು ಕಿಂಡಿ ಕೊರೆದು, ಟ್ಯೂಬ್ ಇಟ್ಟು, ತಿಂಗಳುಗಟ್ಟಲೆ ದಿನವೂ ಸಲೈನ್‌ನಿಂದ ತೊಳೆಯುವ ದಾರಿ ಇದೆ. ಒಳಗಿನ ಒತ್ತಡ ಇಳಿದು ಗುಳ್ಳೆ ಕುಗ್ಗುತ್ತದೆ, ಸುತ್ತ ಮೂಳೆ ತುಂಬುತ್ತದೆ, ಎಳೆ ಹಲ್ಲುಗಳೂ ನರವೂ ಉಳಿಯುತ್ತವೆ. ಆಮೇಲೆ ಉಳಿದದ್ದನ್ನು ತೆಗೆದರಾಯಿತು. ಕೇಳಲು ಚೆಂದ. ಆದರೆ ತುಟಿ ಮುಟ್ಟಲೂ ಬಿಡದ ಮಗುವಿಗೆ ದಿನಾ ತೊಳೆಯುವವರು ಯಾರು? ಅದಕ್ಕೆ ಆಪರೇಷನ್‌ಗೆ ಮೊದಲೇ ತಾಯಿಯ ಕೈಗೆ ಸೂಜಿಯಿಲ್ಲದ ಸಿರಿಂಜ್ ಕೊಡುತ್ತೇನೆ. ಕೆಲವು ದಿನ ಕೆನ್ನೆಯ ಒಳಗೆ ನೀರು ಚಿಮ್ಮಿಸಿ ನೋಡಿ ಅನ್ನುತ್ತೇನೆ. ಮಗು ಒಗ್ಗಿಕೊಂಡರೆ ಟ್ಯೂಬ್. ಇಲ್ಲವಾದರೆ ಒಂದೇ ಸಲಕ್ಕೆ ಕೆರೆದು ತೆಗೆದು, ಸುತ್ತಲಿನ ಮೂಳೆಯನ್ನೂ ಒಂದು ಪದರ ತೇಯುತ್ತೇನೆ. ಕೆಲವು ಹಲ್ಲು ಹೋಗಬಹುದು ಅಂತ ಮೊದಲೇ ಹೇಳಿಬಿಡುತ್ತೇನೆ.

ಜೈಂಟ್ ಸೆಲ್ ಅನ್ನುವ, ದೊಡ್ಡ ಜೀವಕೋಶಗಳಿರುವ ದವಡೆ ಗೆಡ್ಡೆಯಲ್ಲೂ ಇದೇ ಲೆಕ್ಕ. ವಾರಕ್ಕೊಂದರಂತೆ 6 ವಾರ ಗೆಡ್ಡೆಯೊಳಗೆ ಸ್ಟೀರಾಯ್ಡ್ ಚುಚ್ಚುವ ವಿಧಾನವಿದೆ. ಪ್ರತಿ ಸಲವೂ ಅನಸ್ತೇಶಿಯಾ ಬೇಕಾದ ಮಗುವಿಗೆ ಅದರಲ್ಲಿ ಏನು ಲಾಭ? ಇದೇ ಗೆಡ್ಡೆಗೆ ಕೊಡುವ, ಮೂಳೆ ಕರಗುವುದನ್ನು ತಡೆಯುವ ಡೆನೋಸುಮಾಬ್ ಇಂಜೆಕ್ಷನ್ ಬಗ್ಗೆ ನನಗೆ ಇನ್ನೂ ಜಾಸ್ತಿ ಅಳುಕು. ಅದನ್ನು ನಿಲ್ಲಿಸಿದ ಮೇಲೆ ಬೆಳೆಯುವ ಮಕ್ಕಳ ರಕ್ತದಲ್ಲಿ ಕ್ಯಾಲ್ಸಿಯಂ ಏಕಾಏಕಿ ಏರಬಹುದು. ವಾಂತಿಯಾದರೆ ಕಾಣುತ್ತದೆ. ಬಾಯಾರಿಕೆ, ಸುಸ್ತು, ಹೊಟ್ಟೆನೋವನ್ನು ಈ ಮಕ್ಕಳು ಹೇಳುವುದು ಹೇಗೆ? ಕೊಡಲೇಬೇಕಾದರೆ ಮಕ್ಕಳ ಹಾರ್ಮೋನ್ ತಜ್ಞರು ಜೊತೆಗಿರಬೇಕು.

ಆಪರೇಷನ್ ಕೊನೆಯಲ್ಲಿ ಬಹಳ ಹೊತ್ತು ಮರಗಟ್ಟಿಸುವ ಬುಪಿವಕೈನ್ ಕೊಡುವುದಿಲ್ಲ. ಜೋಮು ಹಿಡಿದ ತುಟಿಯನ್ನು ಮಗು ಕಚ್ಚಿ ಗಾಯ ಮಾಡಿಕೊಳ್ಳುತ್ತದೆ. ಹೊಲಿಗೆ ತಾನಾಗಿ ಕರಗುವಂಥದ್ದೇ. ಕುಡಿಯಲು ಶುರುಮಾಡಿದ ಕೂಡಲೇ ಕೈಯ ಡ್ರಿಪ್ ಸೂಜಿ ತೆಗೆಸುತ್ತೇನೆ. ನೋವು ಅಳೆಯಲು ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ ಇವನ್ನು ನೋಡುವ ಆರ್-ಫ್ಲ್ಯಾಕ್ ಪಟ್ಟಿ ಬಳಸುತ್ತೇವೆ. ಮಗುವಿನ ಸ್ವಂತ ನೋವಿನ ಗುರುತುಗಳನ್ನು ಅದರಲ್ಲಿ ಮನೆಯವರೇ ಸೇರಿಸಬಹುದು. ನೋವಾದಾಗ ಅಳುವ ಬದಲು ನಗುವ ಮಕ್ಕಳೂ ಇದ್ದಾರೆ. ಅದನ್ನು ನರ್ಸ್‌ಗೆ ಹೇಳಬಲ್ಲವರು ಅಪ್ಪ ಅಮ್ಮ ಮಾತ್ರ, ಅಲ್ವಾ?

ಕೆರಟೋಸಿಸ್ಟ್ ಮತ್ತೆ ಬರುವುದಾದರೆ ಹೆಚ್ಚಾಗಿ ಮೊದಲ 5 ವರ್ಷದೊಳಗೆ. ಆಮೇಲೂ ಬರಬಹುದು. ಬೇರೆ ಯಾವುದಕ್ಕಾದರೂ ಮಗುವಿಗೆ ಅನಸ್ತೇಶಿಯಾ ಕೊಡುವ ಯೋಚನೆ ಇದ್ದರೆ ನನಗೂ ತಿಳಿಸಿ ಅಂತ ಮನೆಯವರಿಗೆ ಹೇಳಿರುತ್ತೇನೆ. ದವಡೆಯ ಚಿತ್ರವೂ ಅದೇ ಹೊತ್ತಿಗೆ ಆಗಿಹೋಗುತ್ತದೆ.