ಋತುವಿನ ನಡುವೆ ಬಂದ ಸ್ಟ್ರೈಕರ್‌ನನ್ನು ಅಳೆಯುವುದು ಹೇಗೆ?

ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿಯಾದ ಪ್ರೀಮಿಯರ್ ಲೀಗ್‌ನಲ್ಲಿ, ಋತುವಿನ ನಡುವೆ ಆಟಗಾರರನ್ನು ಕೊಳ್ಳಲು ಅವಕಾಶವಿರುವ ಜನವರಿ ಬಂದಿತೆಂದರೆ, ಗೋಲುಗಳಿಲ್ಲದೆ ಪಟ್ಟಿಯಲ್ಲಿ ಕೆಳಗಿಳಿಯುತ್ತಿರುವ ತಂಡಗಳ ಅಭಿಮಾನಿಗಳೆಲ್ಲ ಹೊಸ ಸ್ಟ್ರೈಕರ್‌ನ, ಅಂದರೆ ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ಮುಂಚೂಣಿ ಆಟಗಾರನ, ದಾರಿ ಕಾಯತೊಡಗುತ್ತಾರೆ. ಲಂಡನ್ನಿನಲ್ಲಿ ರಾತ್ರಿ 11ಕ್ಕೆ ವರ್ಗಾವಣೆಯ ಗಡುವು ಮುಗಿಯುವ ವರ್ಷಗಳಲ್ಲಿ, ಅಂದರೆ ನಮ್ಮ ಬೆಳಗಿನ ಜಾವ 4.30ರವರೆಗೆ, ನಿದ್ದೆಗೆಟ್ಟು ಫೋನು ಹಿಡಿದು ಕೂರುವವರು ಬೆಂಗಳೂರಿನಲ್ಲಿಯೂ ಇದ್ದಾರೆ. ಕೊಟ್ಟ ಮೊತ್ತ ಮತ್ತು ಆಟಗಾರನ ಹೆಸರು ಇವೆರಡನ್ನೇ ನೋಡಿ ಹಿಗ್ಗುವ ಅಥವಾ ಬೈಯುವ ಬದಲು ಅಂಥ ಖರೀದಿಯನ್ನು ತೂಗಿ ನೋಡಬೇಕೆಂದಿದ್ದರೆ, ಮುಂದಿನ ಕ್ರಮವನ್ನು ಅನುಸರಿಸಬಹುದು.

ಮೊದಲು ನೋಡಬೇಕಾದದ್ದು ಬರುವ ಆಟಗಾರನನ್ನಲ್ಲ, ಈಗಿರುವ ತಂಡವನ್ನು. ಗೋಲು ಬಾರದಿರುವುದಕ್ಕೆ ಕಾರಣ ಅವಕಾಶಗಳು ಹುಟ್ಟದಿರುವುದೋ, ಹುಟ್ಟಿದ ಅವಕಾಶಗಳು ಕೈತಪ್ಪುತ್ತಿರುವುದೋ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಪ್ರತಿ ಹೊಡೆತವೂ ಗೋಲಾಗುವ ಸಾಧ್ಯತೆಯನ್ನು ಲೆಕ್ಕ ಹಾಕುವ ಎಕ್ಸ್‌ಜಿ (ನಿರೀಕ್ಷಿತ ಗೋಲು) ಅಂಕಿ ಇದಕ್ಕೆ ನೆರವಾಗುತ್ತದೆ. ಎಕ್ಸ್‌ಜಿ ಹೆಚ್ಚಿದ್ದು ಗೋಲುಗಳು ಕಡಿಮೆಯಿದ್ದರೆ, ಅದೂ ಕೇವಲ ಏಳೆಂಟು ಪಂದ್ಯಗಳ ಮಟ್ಟಿಗೆ ಹಾಗಿದ್ದರೆ, ಈಗಿನ ಸ್ಟ್ರೈಕರ್‌ನೇ ತಾನಾಗಿ ಸರಿಹೋಗುವ ಸಂಭವ ಸಾಕಷ್ಟಿದೆ. ಎಕ್ಸ್‌ಜಿಯೇ ಕಡಿಮೆಯಿದ್ದರೆ ದೋಷ ಅಂಗಳದ ನಡುಭಾಗವಾದ ಮಿಡ್‌ಫೀಲ್ಡಿನಲ್ಲಿಯೋ ಅಂಚುಗಳಾದ ವಿಂಗ್‌ಗಳಲ್ಲಿಯೋ ಇರಬಹುದು. ಎದುರಾಳಿಯ ಗೋಲಿನ ಮುಂದಿರುವ ಪೆನಾಲ್ಟಿ ಬಾಕ್ಸಿಗೆ ಚೆಂಡೇ ತಲುಪದಿದ್ದರೆ ಅಲ್ಲಿ ಯಾರನ್ನು ನಿಲ್ಲಿಸಿದರೂ ಫಲವಿಲ್ಲ. ಮುಖ್ಯ ಸ್ಟ್ರೈಕರ್ ಗಾಯಗೊಂಡು ತಿಂಗಳುಗಟ್ಟಲೆ ಹೊರಗುಳಿದಾಗ ಮಾತ್ರ ಜನವರಿಯ ಖರೀದಿಗೆ ಹೆಚ್ಚಿನ ಸಮರ್ಥನೆ ಬೇಕಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯದಾಗಿ, ಬರುವವನ ಆಟಕ್ಕೂ ತಂಡದ ಆಟಕ್ಕೂ ಹೊಂದಿಕೆಯಾಗುತ್ತದೆಯೇ ಎಂದು ಪರಿಶೀಲಿಸಬೇಕು. 2011ರ ಜನವರಿ 31ರಂದು ನಡೆದದ್ದನ್ನು ಅಭ್ಯಾಸಪಾಠದಂತೆ ಓದಬಹುದು. ಅಂದು ಲಿವರ್‌ಪೂಲ್‌ನಿಂದ ಫರ್ನಾಂಡೊ ಟೊರೆಸ್‌ರನ್ನು ಚೆಲ್ಸಿ 5 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಅದು ಆಗಿನ ಬ್ರಿಟಿಷ್ ದಾಖಲೆ. ಲಿವರ್‌ಪೂಲ್ ಅದೇ ದಿನ ನ್ಯೂಕ್ಯಾಸಲ್‌ನಿಂದ ಆಂಡಿ ಕ್ಯಾರೊಲ್‌ರನ್ನು 3.5 ಕೋಟಿ ಪೌಂಡ್‌ಗೆ, ಅಯಾಕ್ಸ್‌ನಿಂದ ಲೂಯಿಸ್ ಸುವಾರೆಜ್‌ರನ್ನು ಅದಕ್ಕಿಂತ ಬಹಳ ಕಡಿಮೆ ಬೆಲೆಗೆ ತಂದಿತು. ರಕ್ಷಕರ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಓಡುವುದೇ ಟೊರೆಸ್‌ರ ಬಲವಾಗಿತ್ತು. ಆದರೆ ಚೆಲ್ಸಿಯಲ್ಲಿ ಸ್ಟ್ರೈಕರ್‌ಗಳಾದ ದ್ರೋಗ್ಬಾ ಮತ್ತು ಅನೆಲ್ಕಾ ಆಗಲೇ ಇದ್ದರು, ಎದುರಾಳಿಗಳು ಹಿಂದೆ ಸರಿದು ನಿಂತು ಆ ಜಾಗವನ್ನೇ ಮುಚ್ಚುತ್ತಿದ್ದರು, ಮೇಲಾಗಿ 2010ರ ಏಪ್ರಿಲ್‌ನ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ವೇಗ ಮೊದಲಿನಷ್ಟು ಕಂಡಿರಲಿಲ್ಲ. ಉಳಿದ 14 ಲೀಗ್ ಪಂದ್ಯಗಳಲ್ಲಿ ಅವರಿಂದ ಬಂದದ್ದು ಒಂದೇ ಗೋಲು. ತೊಡೆಯ ನೋವಿನೊಂದಿಗೇ ಬಂದ ಕ್ಯಾರೊಲ್ ಮಾರ್ಚ್‌ವರೆಗೆ ಅಂಗಳಕ್ಕೇ ಇಳಿಯಲಿಲ್ಲ. ಮೂವರಲ್ಲಿ ಅಗ್ಗವಾದ ಸುವಾರೆಜ್ ಮೊದಲ ಪಂದ್ಯದಲ್ಲೇ ಗೋಲು ಹೊಡೆದು, 13 ಲೀಗ್ ಪಂದ್ಯಗಳಲ್ಲಿ 4 ಗೋಲು ಗಳಿಸಿದರು. ಚೆಂಡಿಗಾಗಿ ಕಾಯದೆ ತಾವೇ ಕೆಳಗಿಳಿದು ಅವಕಾಶ ಕಟ್ಟಿಕೊಳ್ಳುವವರಾದ್ದರಿಂದ, ತಂಡ ತಮಗೆ ಒಗ್ಗುವ ತನಕ ಅವರು ಕಾಯಬೇಕಾಗಲಿಲ್ಲ.

ಹೀಗಾಗಿ ಆಟಗಾರನ ಗೋಲುಗಳನ್ನು ಎಣಿಸುವಾಗ ಪೆನಾಲ್ಟಿಗಳನ್ನು ಕಳೆದು, ಉಳಿದವು ಹೇಗೆ ಬಂದವೆಂದು ನೋಡಬೇಕು: ಅಂಚಿನಿಂದ ಹಾರಿಬಂದ ಕ್ರಾಸ್‌ಗಳಿಗೆ ತಲೆಕೊಟ್ಟವೋ, ಪ್ರತಿದಾಳಿಯಲ್ಲಿ ಓಡಿ ಹೊಡೆದವೋ, ಗೋಲಿನ ಬಾಯಲ್ಲಿ ನಿಂತು ತಳ್ಳಿದವೋ. ಅಂಥದೇ ಚೆಂಡುಗಳನ್ನು ನಿಮ್ಮ ತಂಡ ಕೊಡುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. 2020ರ ಜನವರಿಯಲ್ಲಿ ಸ್ಟ್ರೈಕರ್ ಎರ್ಲಿಂಗ್ ಹಾಲಂಡ್ ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್ ಸೇರಿದಾಗ ಅಲ್ಲಿ ಚೆಂಡು ಒದಗಿಸಲು ಸ್ಯಾಂಚೊ, ರೊಯಸ್ ಮೊದಲಾದವರಿದ್ದರು, ಕೊರತೆಯಿದ್ದದ್ದು ನಡುವೆ ನಿಲ್ಲುವವನದೇ. ಆಗ್ಸ್‌ಬರ್ಗ್ ವಿರುದ್ಧ 1-3ರ ಹಿನ್ನಡೆಯಲ್ಲಿ ಬದಲಿ ಆಟಗಾರನಾಗಿ ಇಳಿದ ಅವರು ಮೂರು ಗೋಲು ಹೊಡೆದರು, ತಂಡ 5-3ರಿಂದ ಗೆದ್ದಿತು. ಜರ್ಮನಿಯ ಚಳಿಗಾಲದ ವಿರಾಮದಲ್ಲಿ ತಂಡದೊಡನೆ ತರಬೇತಿ ಪಡೆಯಲು ಅವರಿಗೆ ದೊರೆತ ಸಮಯವನ್ನೂ ಮರೆಯಬಾರದು. ಇಂಗ್ಲೆಂಡಿಗೆ ಬರುವವನಿಗೆ ಅಂಥ ಬಿಡುವು ಸಿಗುವುದು ಅಪರೂಪ.

ಹಿಂದಿನ ಕ್ಲಬ್ಬಿನಲ್ಲಿ ಎಷ್ಟು ನಿಮಿಷ ಆಡಿದ್ದಾನೆಂಬುದು ಮುಖ್ಯವೇ ಆದರೂ ಅದನ್ನೇ ತೀರ್ಪೆಂದು ಭಾವಿಸಬೇಕಿಲ್ಲ. ಚೆಲ್ಸಿಯಲ್ಲಿ ಹೆಚ್ಚಾಗಿ ಬೆಂಚಿನಲ್ಲಿ ಕೂರುತ್ತಿದ್ದ ಡೇನಿಯಲ್ ಸ್ಟರಿಜ್ 2013ರ ಜನವರಿಯಲ್ಲಿ ಲಿವರ್‌ಪೂಲ್ ಸೇರಿ ಆ ಋತುವಿನಲ್ಲೇ 10 ಲೀಗ್ ಗೋಲು ಗಳಿಸಿದರು. ಅವಕಾಶ ಸಿಗದೆ ಕುಳಿತವನೂ ಗಾಯದಿಂದ ಕುಳಿತವನೂ ಒಂದೇ ಅಲ್ಲ.

ಇನ್ನು ಹಣದ ವಿಷಯ. ವರ್ಗಾವಣೆಯ ಮೊತ್ತವನ್ನು ಕ್ಲಬ್‌ಗಳು ಲೆಕ್ಕಪತ್ರದಲ್ಲಿ ಒಪ್ಪಂದದ ವರ್ಷಗಳಿಗೆ ಹಂಚಿ ತೋರಿಸುತ್ತವೆ. 5 ಕೋಟಿ ಪೌಂಡಿನ ಆಟಗಾರ ಐದು ವರ್ಷಕ್ಕೆ ಸಹಿ ಹಾಕಿದರೆ ವರ್ಷದ ಹೊರೆ 1 ಕೋಟಿಯಾಗುತ್ತದೆ, ಸಂಬಳ ಬೇರೆ. ಆದ್ದರಿಂದ ಒಟ್ಟು ಬೆಲೆಗಿಂತ ಈ ವಾರ್ಷಿಕ ಹೊರೆಯನ್ನು ನೋಡುವುದು ಮೇಲು. ಹೊರೆ ಹೆಚ್ಚಿದರೆ ಅಪಾಯವೂ ಇದೆ: ಕ್ಲಬ್‌ಗಳ ನಷ್ಟಕ್ಕೆ ಲೀಗ್ ಹಾಕಿದ್ದ ಮಿತಿಯನ್ನು ಮೀರಿದ್ದಕ್ಕೆ ಎವರ್ಟನ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ 2023-24ರ ಋತುವಿನಲ್ಲಿ ಲೀಗ್ ಅಂಕಗಳನ್ನೇ ಕಳೆದುಕೊಂಡವು. ಮಾರುವ ಕ್ಲಬ್ ಋತುವಿನ ನಡುವೆ ತನ್ನ ಗೋಲುಗಾರನನ್ನು ಏಕೆ ಬಿಟ್ಟುಕೊಡುತ್ತಿದೆ ಎಂದೂ ಕೇಳಿಕೊಳ್ಳಬೇಕು. ಬೇಸಿಗೆಗೆ ಒಪ್ಪಂದ ಮುಗಿಯಲಿದೆ ಎಂಬುದು ಉತ್ತರವಾದರೆ ಅನುಮಾನ ಬೇಡ, ಏಕೆಂದರೆ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ಬಿನೊಂದಿಗೆ ಮುಂಗಡ ಒಪ್ಪಂದ ಮಾಡಿಕೊಳ್ಳಲು ಫಿಫಾ ನಿಯಮವೇ ಅವಕಾಶ ಕೊಡುತ್ತದೆ; ಈಗ ಮಾರದಿದ್ದರೆ ಕ್ಲಬ್ಬಿಗೆ ವರ್ಗಾವಣೆಯ ಹಣವೇ ಸಿಗದೆ ಹೋಗಬಹುದು.

ಕೊನೆಯದಾಗಿ, ಆತ ಯಾವ ಪಂದ್ಯಗಳಲ್ಲಿ ಆಡಬಲ್ಲನೆಂದು ಖಚಿತಪಡಿಸಿಕೊಳ್ಳಬೇಕು. ಫಿಫಾ ನಿಯಮದಂತೆ ಒಬ್ಬ ಆಟಗಾರ ಒಂದು ಋತುವಿನಲ್ಲಿ ಮೂರು ಕ್ಲಬ್‌ಗಳಲ್ಲಿ ನೋಂದಾಯಿಸಿಕೊಳ್ಳಬಹುದಾದರೂ, ಸಾಮಾನ್ಯವಾಗಿ ಎರಡರ ಪರವಾಗಿ ಮಾತ್ರ ಅಧಿಕೃತ ಪಂದ್ಯ ಆಡಬಹುದು. ಯುರೋಪಿನ ಕ್ಲಬ್‌ಗಳ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್‌ನ ನಾಕೌಟ್ ಹಂತಕ್ಕೆ ಕ್ಲಬ್ ಸೇರಿಸಬಹುದಾದ ಹೊಸಬರು ಮೂವರೇ ಆದ್ದರಿಂದ, ಆ ಪಟ್ಟಿಯಲ್ಲಿ ಹೊಸ ಸ್ಟ್ರೈಕರ್ ಇದ್ದಾನೆಯೇ ಎಂದು ಫೆಬ್ರುವರಿಯ ಆರಂಭದಲ್ಲಿ ನೋಡಬೇಕು. ಬೇರೊಂದು ಪ್ರೀಮಿಯರ್ ಲೀಗ್ ಕ್ಲಬ್ಬಿನಿಂದ ಎರವಲು ಬಂದವನು ಲೀಗ್‌ನಲ್ಲಿ ತನ್ನ ಮೂಲ ಕ್ಲಬ್ಬಿನ ವಿರುದ್ಧ ಆಡುವಂತಿಲ್ಲ. ಆ ಪಂದ್ಯ ಯಾವ ದಿನ ಬರುತ್ತದೆಂದು ವೇಳಾಪಟ್ಟಿಯಲ್ಲಿ ಮೊದಲೇ ಗುರುತು ಹಾಕಿಕೊಂಡಿರಬೇಕು.