ನಿರಾಶ್ರಿತರೆಂದು ಒಪ್ಪಿದ ಕಾಗದ ಬಂತು, ಇನ್ನು ಮನೆ ಹುಡುಕುವುದು ಹೇಗೆ?

ಇಂಗ್ಲೆಂಡಿನಲ್ಲಿ ಆಶ್ರಯ ಕೇಳಿದವರಿಗೆ ಬೇರೆ ದಿಕ್ಕಿಲ್ಲದಿದ್ದರೆ, ಅರ್ಜಿ ತೀರ್ಮಾನವಾಗುವ ತನಕ ಇರಲು ಹೋಂ ಆಫೀಸ್, ಅಂದರೆ ಅಲ್ಲಿನ ಗೃಹ ಇಲಾಖೆ, ಜಾಗ ಕೊಡುತ್ತದೆ. ಅರ್ಜಿ ಒಪ್ಪಿಗೆಯಾದರೆ ಆ ಜಾಗ ಬಿಡಬೇಕು. ತೊಂದರೆ ಶುರುವಾಗುವುದೇ ಅಲ್ಲಿ.

ಬೆಂಗಳೂರಿನ ಓಣಿಯಲ್ಲಿ ಕಲಿತ ತಮಿಳು ನನಗೆ ಇಲ್ಲಿ ಕೆಲಸಕ್ಕೆ ಬಂತು. ಜಾಫ್ನಾ ಕಡೆಯ ಒಬ್ಬ ತಾಯಿ ಬಿಸ್ಕತ್ ಡಬ್ಬಿಯಿಂದ ಹೋಂ ಆಫೀಸ್‌ನ ಪತ್ರ ತೆಗೆದು ತೋರಿಸಿದರು. ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟಿದ್ದರು. 'ಅಕ್ಕಾ, ಇದನ್ನು ಯಾರಿಗಾದ್ರೂ ತೋರಿಸಿದ್ರಾ?' ಅಂದೆ. 'ಇಲ್ಲ ತಂಬಿ' ಅಂದರು. ರೂಮು ಬಿಡಲು ಆರೇ ದಿನ ಉಳಿದಿತ್ತು.

ಹಾಗಾಗಿ ಮೊದಲ ಕೆಲಸ, ಪತ್ರದಲ್ಲಿ ನೆರವು ನಿಲ್ಲುವ ತಾರೀಖು ಹುಡುಕಿ. ಅವರಿವರ ಮಾತು ನಂಬಬೇಡಿ. ಜಾಗ ಬಿಡಲು ಮೊದಲು 28 ದಿನ ಇತ್ತು. 2024ರ ಡಿಸೆಂಬರ್‌ನಲ್ಲಿ ಪ್ರಯೋಗಕ್ಕೆಂದು 56 ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಒಂಟಿಯಾಗಿರುವ ಹೆಚ್ಚಿನವರಿಗೆ ಮತ್ತೆ 28ಕ್ಕೆ ಇಳಿಸಿದರು. ನಿಮ್ಮ ಪತ್ರದಲ್ಲಿ ಏನಿದೆಯೋ ಅದೇ ಲೆಕ್ಕ.

ಅದೇ ದಿನ ಪತ್ರ ಹಿಡಿದು ಕೌನ್ಸಿಲ್‌ನ (ಊರಿನ ಸ್ಥಳೀಯ ಆಡಳಿತದ) ವಸತಿ ವಿಭಾಗಕ್ಕೆ ಹೋಗಿ. ಬೀದಿಗೆ ಬೀಳುವ ತನಕ ಕಾಯಬೇಕಿಲ್ಲ. 56 ದಿನದೊಳಗೆ ಮನೆ ಕಳೆದುಕೊಳ್ಳುವವರಿಗೆ ಕೌನ್ಸಿಲ್ ಸಹಾಯ ಮಾಡಲೇಬೇಕು, 2017ರ ಕಾಯ್ದೆ ಹಾಗೆ ಹೇಳುತ್ತದೆ. 'ಆಮೇಲೆ ಬನ್ನಿ' ಅಂದರೆ, ಅದನ್ನೇ ಬರೆದು ಕೊಡಿ ಎಂದು ಕೇಳಿ. ಮಕ್ಕಳಿದ್ದವರು, ಬಸುರಿಯರು, ಕಾಯಿಲೆಯವರು ಅದನ್ನು ಮೊದಲೇ ಹೇಳಬೇಕು. ಅಂಥವರಿಗೆ ಇರಲು ಬೇರೆಲ್ಲೂ ಇಲ್ಲವೆಂದಾದಾಗ ತಾತ್ಕಾಲಿಕ ಜಾಗ ಸಿಗುತ್ತದೆ. ಆ ತಾಯಿಗೆ ಇಬ್ಬರು ಮಕ್ಕಳಿದ್ದರು, ಜಾಗ ಸಿಕ್ಕಿತು.

ಒಂಟಿ ಗಂಡಸರ ಪಾಡು ಕಷ್ಟ. ಅವರಿಗೆ ಹೆಚ್ಚಾಗಿ ಸಿಗುವುದು ರೂಮು ಹುಡುಕಲು ಒಂದಿಷ್ಟು ನೆರವು ಮಾತ್ರ. ನನಗಿದು ಸರಿ ಅನ್ನಿಸುವುದಿಲ್ಲ. ಆದರೂ ಹೋಗಿ ಹೆಸರು ಬರೆಸಲೇಬೇಕು. ಅಡ್ವಾನ್ಸ್ ಹಣಕ್ಕೆ ಕೌನ್ಸಿಲ್ ಸಹಾಯ ಮಾಡುತ್ತದಾ ಅಂತಲೂ ಕೇಳಿ.

ಈ ಓಡಾಟದ ಮಧ್ಯೆಯೇ ಯೂನಿವರ್ಸಲ್ ಕ್ರೆಡಿಟ್‌ಗೆ, ಅಂದರೆ ಆದಾಯ ಕಡಿಮೆ ಇರುವವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ನೆರವಿಗೆ, ಅರ್ಜಿ ಹಾಕಿ. ಬಾಡಿಗೆಗೆ ಸಿಗುವ ಸರ್ಕಾರಿ ಹಣವೂ ಇದರಲ್ಲೇ ಬರುತ್ತದೆ. ಮೊದಲ ಕಂತು ಕೈಗೆ ಬರಲು ಸುಮಾರು ಐದು ವಾರ ಬೇಕು. ಅಲ್ಲಿಯವರೆಗೆ ಮುಂಗಡ ಕೇಳಬಹುದು, ಆದರೆ ಅದು ಸಾಲ. ಮುಂದಿನ ಕಂತುಗಳಲ್ಲಿ ಮುರಿದುಕೊಳ್ಳುತ್ತಾರೆ. ಮನೆಯ ಅಡ್ವಾನ್ಸಿಗೆ ನಿರಾಶ್ರಿತರಿಗೆಂದೇ ಬಡ್ಡಿ ಇಲ್ಲದ ಸರ್ಕಾರಿ ಸಾಲವೂ ಇದೆ.

ಮನೆ ಮಾಲೀಕರು ದಾಖಲೆ ಕೇಳಿದರೆ, ನಿಮ್ಮ ಇ-ವೀಸಾ (ಆನ್‌ಲೈನ್‌ನಲ್ಲಿರುವ ವೀಸಾ ದಾಖಲೆ) ಖಾತೆಯಿಂದ ಶೇರ್ ಕೋಡ್ ತೆಗೆದು ಕೊಡಿ. ನಿಮಗೆ ಇಲ್ಲಿರಲು ಹಕ್ಕಿದೆಯೆಂದು ಅವರು ಆ ಕೋಡ್ ಹಾಕಿ ನೋಡಿಕೊಳ್ಳುತ್ತಾರೆ. ಅಡ್ವಾನ್ಸ್ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ರಸೀದಿ ಇಟ್ಟುಕೊಳ್ಳಿ. ಒಳಗೆ ಸಾಮಾನು ಇಡುವ ಮುಂಚೆ ಗೋಡೆ, ನೆಲ, ಒಲೆಯ ಫೋಟೊ ತೆಗೆದುಕೊಳ್ಳಿ. ಬಿಡುವಾಗ ಅಡ್ವಾನ್ಸ್ ವಾಪಸ್ ಕೇಳಲು ಅದು ಬೇಕಾಗುತ್ತದೆ.